‘ಅವ್ವನ ಹಂಗ ಆಗಿಲ್ಲ’

ಈ ಸಲ ಬಂದ ಪತ್ರಗಳಲ್ಲಿ ಮೂರು ಪತ್ರಗಳು ಅಡಿಗೆ ಮನೆಯಿಂದಲೇ ಬಂದಿವೆ. ಮೂರೂ ಮನೆಗಳಲ್ಲಿ ಒಬ್ಬರು ತೀರಿಕೊಂಡಿದ್ದಾರೆ. ಅದಕ್ಕೇ ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು ಇವನ್ನಷ್ಟೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾರ, ನಾನು ಬೆಟಗೇರಿಯವನು, ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಕೆಲಸ. ಶಿವರಾತ್ರಿ ಮುಗಿದ ವಾರದಲ್ಲಿ ನನ್ನ ಹೆಂಡತಿ ತೀರಿಕೊಂಡಳು. ಮಗನಿಗೆ ಹತ್ತು ವರ್ಷ, ಐದನೇ ಕ್ಲಾಸು. ಮಣ್ಣು ಕೊಟ್ಟ ದಿನ ಅತ್ತ, ಅಷ್ಟೇ. ಒಂಬತ್ತನೇ ದಿನಕ್ಕೆ ಓಣಿ ಹುಡುಗರ ಜೊತೆ ಕ್ರಿಕೆಟ್ ಆಡಿದ, ಮಿರ್ಚಿ ತಿಂದ, ನಕ್ಕ. ನನಗೆ ಸಿಟ್ಟು ಬಂತು. ಈಗ ಒಂದೂವರೆ ತಿಂಗಳಿಂದ ಹೊಸದೊಂದು ಹಿಡಿದಿದ್ದಾನೆ. ಸಾಲಿ ಬಿಟ್ಟು ಬಂದವನೇ ಅಡಿಗೆ ಮನೆ ಸೇರುತ್ತಾನೆ. ಶೇಂಗಾ ಹುರಿದು ಮಿಕ್ಸಿಗೆ ಹಾಕಿ ಅವರವ್ವ ಮಾಡುತ್ತಿದ್ದ ಶೇಂಗಾ ಚಟ್ನಿ ಮಾಡುತ್ತಾನೆ. ನನ್ನ ತಾಟಿಗೆ ಹಾಕಿ ನೋಡುತ್ತಾ ನಿಲ್ಲುತ್ತಾನೆ. ಒಂದು ತುತ್ತು ತಿಂದರೆ ಗಂಟಲು ಕಟ್ಟುತ್ತದೆ, ಎದ್ದು ಹೊರಗೆ ಹೋಗಿಬಿಡುತ್ತೇನೆ. ಅವನು ‘ಅವ್ವನ ಹಂಗ ಆಗಿಲ್ಲ’ ಅಂತ ಅಷ್ಟೂ ಚಟ್ನಿ ಮುಸುರೆ ಬಕೆಟ್ಟಿಗೆ ಸುರಿಯುತ್ತಾನೆ. ಮರುದಿನ ಮತ್ತೆ ಅದೇ. ವರ್ಷದ ಖಾರ ಅವಳೇ ಕುಟ್ಟಿಸುತ್ತಿದ್ದಳು, ಈ ಬೇಸಿಗೆಯಲ್ಲಿ ಅದೂ ಆಗಲಿಲ್ಲ, ಅಂಗಡಿ ಪಾಕೀಟು ತರುತ್ತೇವೆ. ಅವಳ ಕೈಯಿಂದ ಆದ ಕೊನೆಯ ಚಟ್ನಿ ಡಬ್ಬಿ ಕಾಣೆಯಾಗಿತ್ತು. ಮೊನ್ನೆ ಇವನ ಪಾಟಿಚೀಲದಲ್ಲಿ ಸಿಕ್ಕಿತು, ತಳದಲ್ಲಿ ಎರಡು ಚಮಚ ಉಳಿದಿದೆ. ನನ್ನ ತಾಯಿ ‘ಗಂಡು ಹುಡುಗ ಒಲಿ ಮುಂದ ಏನ ಮಾಡ್ತಾನ’ ಅಂತಾಳೆ. ತಂಗಿ ‘ನೆನಪು ಬಂದಷ್ಟೂ ಹುಡುಗ ಕೊರಗ್ತಾನ’ ಅಂತ ಹೆಂಡತಿಯ ಪಾತ್ರೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದ್ದಾಳೆ. ಈಗ ಪಂಚಮಿಗೆ ಉಂಡಿ ಮಾಡೋಣ ಅಂತ ಹಟ. ವರ್ಷ ತುಂಬದ ಮನೆಯಲ್ಲಿ ಹಬ್ಬ ಹೇಗೆ ಮಾಡುವುದು? ಬಿಡಿಸಲೋ, ಮಾಡಗೊಡಲೋ?
(ಹೆಸರು ಬೇಡ, ಗದಗ)

ಉತ್ತರ: ತಮ್ಮಾ, ನೀವು ಬರೆದಿದ್ದನ್ನು ಬರೆದ ಕ್ರಮದಲ್ಲೇ ಇನ್ನೊಮ್ಮೆ ಓದಿಕೊಳ್ಳಿ. ಹುಡುಗ ಚಟ್ನಿ ಬಡಿಸುತ್ತಾನೆ. ನಿಮ್ಮ ಮುಖ ನೋಡುತ್ತಾ ನಿಲ್ಲುತ್ತಾನೆ. ನೀವು ಎದ್ದು ಹೋಗುತ್ತೀರಿ. ಆಮೇಲೆ ಅವನು ಸುರಿಯುತ್ತಾನೆ. ಮೊದಲು ಅವನು ರುಚಿ ನೋಡಿ ಸುರಿದ ಅಂತ ನೀವು ಎಲ್ಲೂ ಬರೆದಿಲ್ಲ. ‘ಅವ್ವನ ಹಂಗ ಆಗಿಲ್ಲ’ ಅನ್ನುವುದನ್ನು ಅವನು ಓದಿದ್ದು ಚಟ್ನಿಯಲ್ಲಿ ಅಲ್ಲ, ನಿಮ್ಮ ಮುಖದಲ್ಲಿ ಅಂತ ನನಗೆ ಅನಿಸುತ್ತದೆ. ಅಪ್ಪ ಎದ್ದು ಹೋದ ಅಂದರೆ ಕೆಟ್ಟಿರಬೇಕು. ಹತ್ತು ವರ್ಷದವನ ಲೆಕ್ಕ ಇಷ್ಟೇ.

ಹಾಗಂತ ಇದು ನಿಮ್ಮ ತಪ್ಪು ಅಂತ ನಾನು ಹೇಳುತ್ತಿಲ್ಲ. ಗಂಟಲು ಕಟ್ಟುವುದಕ್ಕೆ ಕಾರಣ ಇದೆ. ಕಣ್ಣು, ಕಿವಿಯ ಸುದ್ದಿ ಮಿದುಳಿನಲ್ಲಿ ನಡುವಿನ ಒಂದು ಸ್ಟೇಷನ್ನಿನಲ್ಲಿ ಇಳಿದು ಹತ್ತಿ ಮುಂದೆ ಹೋಗಬೇಕು. ಮೂಗಿನ ಸುದ್ದಿಗೆ ಆ ಸ್ಟೇಷನ್ ಇಲ್ಲ, ನೆನಪು ಮತ್ತು ಭಾವನೆ ಕೂತಿರುವ ಜಾಗಕ್ಕೆ ಹತ್ತಿರದ ದಾರಿಯಲ್ಲೇ ಹೋಗಿಬಿಡುತ್ತದೆ. ಫೋಟೋ ನೋಡಿದಾಗ ತಡೆದುಕೊಂಡ ಗಂಡಸು ಹುರಿದ ಶೇಂಗಾ, ಜಜ್ಜಿದ ಬೆಳ್ಳುಳ್ಳಿ ವಾಸನೆಗೆ ಕುಸಿದು ಕೂರುವುದು ಅದಕ್ಕೇ. ನಿಮಗೆ ಆಗುತ್ತಿರುವುದೇ ಅವನಿಗೂ ಆಗುತ್ತಿದೆ. ಒಂದೇ ವ್ಯತ್ಯಾಸ: ನೀವು ಆ ವಾಸನೆಯಿಂದ ಓಡುತ್ತಿದ್ದೀರಿ, ಅವನು ಅದರ ಹಿಂದೆ ಓಡುತ್ತಿದ್ದಾನೆ.

ಇವತ್ತು ರಾತ್ರಿ ಎದ್ದು ಹೋಗಬೇಡಿ. ಕಣ್ಣಲ್ಲಿ ನೀರು ಬಂದರೆ ಬರಲಿ, ತಾಟಿನ ಮುಂದೆಯೇ ಬರಲಿ. ‘ಅವ್ವನ ನೆನಪಾತೋ’ ಅಂದುಬಿಡಿ. ಅವನು ಅಳಬಹುದು, ಅಳದೆಯೂ ಇರಬಹುದು. ಅಪ್ಪನಿಗೂ ಹೀಗೇ ಆಗುತ್ತದೆ ಅಂತ ಅವನಿಗೆ ಗೊತ್ತಾದರೆ ಸಾಕು.

ಕ್ರಿಕೆಟ್ ಆಡಿದ್ದಕ್ಕೆ ಸಿಟ್ಟು ಬಂದದ್ದನ್ನು ಮರೆತುಬಿಡಿ. ಮಕ್ಕಳು ದುಃಖವನ್ನು ನಮ್ಮ ಹಾಗೆ ದಿನವಿಡೀ ಹೊತ್ತು ತಿರುಗುವುದಿಲ್ಲ. ಮಳೆಗಾಲದಲ್ಲಿ ರಸ್ತೆಯ ಗುಂಡಿಗೆ ಜಿಗಿದು ಹೊರಗೆ ಬಂದು ಮತ್ತೆ ಜಿಗಿಯುತ್ತಾರಲ್ಲ, ಹಾಗೆ. ಹತ್ತು ನಿಮಿಷ ಅವ್ವ, ಆಮೇಲೆ ಬ್ಯಾಟು. ಹತ್ತು ವರ್ಷದವನಿಗೆ ಸತ್ತವರು ತಿರುಗಿ ಬರುವುದಿಲ್ಲ ಅನ್ನುವುದು ಚೆನ್ನಾಗಿಯೇ ಗೊತ್ತಿರುತ್ತದೆ. ಅದನ್ನು ಒಂದೇ ಸಲ ನುಂಗಲು ಆಗುವುದಿಲ್ಲ, ಅಷ್ಟೇ.

ಈಗ ಚಟ್ನಿಗೆ ಬರೋಣ. ರುಚಿಯೂ ನಿಜವಾಗಿಯೇ ಬೇರೆ ಬರುತ್ತಿರಬೇಕು. ಅದರ ಗುಟ್ಟು ನಿಮ್ಮ ಪತ್ರದಲ್ಲೇ ಇದೆ. ಒಂದು, ಖಾರ. ನಮ್ಮ ಕಡೆ ಬೇಸಿಗೆಯಲ್ಲಿ ಮೆಣಸಿನಕಾಯಿ ತಂದು, ತೊಟ್ಟು ಮುರಿದು, ಬಿಸಿಲಿಗೆ ಗರಿಗರಿ ಆಗುವ ತನಕ ಒಣಗಿಸಿ ಖಾರ ಕುಟ್ಟಿಸುವ ಹೆಂಗಸು ಸುಮ್ನೆ ಒಂದೇ ಜಾತಿ ತರುವುದಿಲ್ಲ. ಬ್ಯಾಡಗಿಯಲ್ಲೇ ಡಬ್ಬಿ ಅಂತ ಒಂದಿದೆ, ಗಿಡ್ಡ, ದಪ್ಪ, ಬಣ್ಣ ಜಾಸ್ತಿ, ಖಾರ ಕಮ್ಮಿ. ಕಡ್ಡಿ ಅಂತ ಇನ್ನೊಂದು, ಉದ್ದ, ಸಣಕಲು, ಮೈತುಂಬ ಸುಕ್ಕು. ಖಾರ ಸಾಲದು ಅನಿಸಿದವರು ಜೊತೆಗೆ ಒಂದಿಷ್ಟು ಗುಂಟೂರು ಸೇರಿಸುತ್ತಾರೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ನಿಮ್ಮ ಹೆಂಡತಿ ಯಾವುದಕ್ಕೆ ಯಾವುದನ್ನು ಎಷ್ಟು ಬೆರೆಸುತ್ತಿದ್ದಳು ಅನ್ನುವುದು ಯಾವ ಪಾಕೀಟಿನ ಮೇಲೂ ಬರೆದಿರುವುದಿಲ್ಲ. ಅದು ಅವಳ ತವರಿನಲ್ಲಿ ಸಿಗುತ್ತದೆ. ಅವಳ ಅವ್ವನಿಗೋ ಅಕ್ಕನಿಗೋ ಫೋನ್ ಮಾಡಿ. ನೀವಲ್ಲ, ಮಗನ ಕೈಯಲ್ಲಿ ಮಾಡಿಸಿ. ‘ಅವ್ವ ಖಾರಕ್ಕ ಏನೇನ ಹಾಕ್ತಿದ್ಲು’ ಅಂತ ಮೊಮ್ಮಗ ಕೇಳಿದರೆ ಆ ಮುದುಕಿ ಖಾರದ ಲೆಕ್ಕ ಒಂದನ್ನೇ ಹೇಳಿ ಫೋನ್ ಇಡುವುದಿಲ್ಲ. ಮಗಳು ಚಿಕ್ಕವಳಿದ್ದಾಗ ಖಾರದ ಕೈಯಿಂದ ಕಣ್ಣು ಉಜ್ಜಿಕೊಂಡು ಓಣಿ ತುಂಬ ಕುಣಿದದ್ದೋ ಏನೋ, ಅವನಿಗೆ ಗೊತ್ತಿಲ್ಲದ ಅವ್ವ ಒಬ್ಬಳು ಆ ಫೋನಿನಲ್ಲಿ ಸಿಗುತ್ತಾಳೆ. ಹೊಸ ಖಾರ ಆಗುವ ತನಕ ಒಂದು ಡಬ್ಬಿ ಖಾರ ಅಲ್ಲಿಂದಲೇ ಬರಲಿ.

ಎರಡನೆಯದು ಮಿಕ್ಸಿ. ಶೇಂಗಾದಲ್ಲಿ ಹೆಚ್ಚು ಕಡಿಮೆ ಅರ್ಧದಷ್ಟು ಎಣ್ಣೆಯೇ. ಮಿಕ್ಸಿ ಒಂದೇ ಸಮನೆ ತಿರುಗಿದರೆ ಬಿಸಿಯಾಗಿ ಎಣ್ಣೆ ಬಿಟ್ಟು ಮುದ್ದೆ ಕಟ್ಟುತ್ತದೆ. ಒಳ್ಳಿನಲ್ಲಿ ಕುಟ್ಟಿದರೆ ಕಾಳು ಅಲ್ಲಲ್ಲಿ ತರಿ ಉಳಿದು ಬೆಳ್ಳುಳ್ಳಿ ನಡುನಡುವೆ ಸಿಗುತ್ತದೆ. ಅಟ್ಟಕ್ಕೆ ಹೋದ ಪಾತ್ರೆಗಳ ಜೊತೆ ಆಕೆಯ ಕಲ್ಲಿನ ಒಳ್ಳೂ ಹೋಗಿದೆಯಾ ನೋಡಿ. ಇಳಿಸಿ. ಒಳ್ಳಿಲ್ಲದ ಮನೆ ಆದರೆ ಮಿಕ್ಸಿಯನ್ನೇ ಒಂದು ಸುತ್ತು ತಿರುಗಿಸಿ ನಿಲ್ಲಿಸಿ, ಕೆದರಿ, ಮತ್ತೊಂದು ಸುತ್ತು ತಿರುಗಿಸಲಿ. ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಪೂರ್ತಿ ಆರಿದ ಮೇಲೆ ಹಾಕಬೇಕು. ಈ ವಯಸ್ಸಿನವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ, ಬಿಸಿಬಿಸಿ ಹಾಕಿಬಿಡುತ್ತಾರೆ.

ಇಷ್ಟೆಲ್ಲ ಮಾಡಿದ ಮೇಲೂ ಅದು ಅವ್ವನ ಚಟ್ನಿ ಆಗುವುದಿಲ್ಲ. ಆಗಿದೆ ಅಂತ ಸುಳ್ಳು ಹೇಳಬೇಡಿ. ನನಗೆ ಹನ್ನೊಂದು ವರ್ಷ ಇದ್ದಾಗ ನಮ್ಮಪ್ಪ ಹೋದರು. ಭಾನುವಾರ ಬೆಳಿಗ್ಗೆ ಒಗ್ಗರಣೆ ಚುರುಮುರಿ ಮಾಡುವುದು ಅವರ ಕೆಲಸ ಆಗಿತ್ತು. ನಾನು ಮಾಡಿದಾಗಲೆಲ್ಲ ಮನೆಯವರು ‘ಥೇಟ್ ಅಪ್ಪನ ಕೈರುಚಿ’ ಅಂತ ಹೇಳಿ ಅರ್ಧ ತಿಂದು ಬಿಡುತ್ತಿದ್ದರು. ನನಗೆ ಮೈ ಉರಿಯುತ್ತಿತ್ತು. ಅತ್ತಿ ಒಬ್ಬಳೇ ಪೂರ್ತಿ ತಿಂದು ತಾಟು ಕೆಳಗಿಟ್ಟು, ‘ಉಪ್ಪು ಜಾಸ್ತಿ ಆಗೇತಿ, ಅರಿಷಿಣ ಹಸಿ ಹಸಿ ಐತಿ, ಮುಂದಿನ ವಾರ ಎಣ್ಯಾಗ ಹಾಕು’ ಅಂದಳು. ಮುಂದಿನ ವಾರ ಅಂತ ಒಂದಿದೆ ಅಂತ ನನಗೆ ಅನಿಸಿದ್ದು ಅವತ್ತೇ. ನಿಮ್ಮ ಮಗನಿಗೂ ಹಾಗೇ ಹೇಳಿ. ಜೀರಿಗೆ ಕಮ್ಮಿ ಇದ್ದರೆ ಕಮ್ಮಿ ಅನ್ನಿ, ತಾಟು ಮಾತ್ರ ಖಾಲಿ ಮಾಡಿ.

ಪಾಟಿಚೀಲದ ಡಬ್ಬಿಯನ್ನು ಕಿತ್ತುಕೊಳ್ಳಬೇಡಿ. ಆದರೆ ಐದು ತಿಂಗಳ ಶೇಂಗಾ ಪುಡಿ ಕಮಟು ವಾಸನೆ ಹಿಡಿದಿರುತ್ತದೆ, ತಿನ್ನಲು ಬೇಡ. ಆ ಎರಡು ಚಮಚ ಡಬ್ಬಿಯಲ್ಲೇ ಇರಲಿ, ಡಬ್ಬಿ ದೇವರ ಜಗಲಿಯ ಮೇಲೋ ಅವನ ಪುಸ್ತಕದ ಕಪಾಟಿನಲ್ಲೋ ಇರಲಿ, ಎಲ್ಲಿ ಅಂತ ಅವನೇ ಹೇಳಲಿ. ಸಾಲಿಗೆ ಒಯ್ಯುವುದು ಬೇಡ ಅನ್ನುವುದಕ್ಕೆ ಒಂದೇ ಕಾರಣ, ಯಾರಾದರೂ ಹುಡುಗರು ಚೆಲ್ಲಿದರೆ ಅವತ್ತು ಅವನನ್ನು ಹಿಡಿಯುವುದು ಕಷ್ಟ.

ನಿಮ್ಮ ತಾಯಿಯವರಿಗೆ ಒಂದು ಮಾತು. ಗದಗಿನಲ್ಲಿ ಸಂಜೆ ಮಿರ್ಚಿ ಭಜಿ ಬಾಣಲಿ ಮುಂದೆ ಕೂತವರು ಯಾರು? ಮದುವೆ ಮನೆಗಳಲ್ಲಿ ಸಾವಿರ ಜನರಿಗೆ ಹುಗ್ಗಿ ತಿರುವುವವರು ಯಾರು? ದುಡ್ಡು ಬರುವ ಕಡೆ ಗಂಡಸು ಒಲೆ ಮುಂದೆ ಕೂರಬಹುದು, ಅವ್ವನ ನೆನಪಿಗೆ ಕೂರಬಾರದು ಅಂದರೆ ಹೇಗೆ ಅಮ್ಮಾ?

ತಂಗಿ ಒಳ್ಳೆಯದಕ್ಕೇ ಮಾಡಿದ್ದಾಳೆ, ಆದರೆ ಪಾತ್ರೆ ಕಟ್ಟಿಟ್ಟರೆ ನೆನಪು ಕಟ್ಟಿಟ್ಟ ಹಾಗೆ ಆಗುವುದಿಲ್ಲ. ಸತ್ತವರ ನಂಟು ಕಡಿದುಕೊಂಡರೇ ಮನಸ್ಸು ಸರಿಹೋಗುತ್ತದೆ ಅಂತ ಮನೋವಿಜ್ಞಾನದವರೂ ಬಹಳ ವರ್ಷ ಹೇಳುತ್ತಿದ್ದರು. 1990ರ ದಶಕದ ಹೊತ್ತಿಗೆ ಆ ಮಾತು ಸಡಿಲವಾಯಿತು. ನಂಟು ಉಳಿಯಬಹುದು, ಬೇರೆ ರೂಪದಲ್ಲಿ ಉಳಿಯುತ್ತದೆ ಅಂತ ಈಗ ಒಪ್ಪುತ್ತಾರೆ. ನಮ್ಮವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹಿರಿಯರ ಎಡೆ ಇಡುವಾಗ ‘ಅವನಿಗೆ ಬದನಿಕಾಯಿ ಇಷ್ಟ, ಆಕಿಗೆ ಕರಿಗಡಬು ಇಷ್ಟ’ ಅಂತ ಒಬ್ಬೊಬ್ಬರ ಹೆಸರಲ್ಲಿ ಮಾಡಿ ಇಡುತ್ತೇವೆ ಅಲ್ವಾ? ನಿಮ್ಮ ಮಗ ದಿನಾ ಸಂಜೆ ಮಾಡುತ್ತಿರುವುದು ಅದನ್ನೇ.

ಪಂಚಮಿಯ ಮಾತು. ನಿಮ್ಮ ಮನೆತನದ ಪದ್ಧತಿ ಮುರಿಯಿರಿ ಅಂತ ನಾನು ಹೇಳುವುದಿಲ್ಲ. ಜೋಕಾಲಿ, ಹೊಸ ಬಟ್ಟೆ ಬೇಡ ಅಂದರೆ ಬೇಡ. ಒಂದು ವಾಟಗಾ ಶೇಂಗಾ ಉಂಡಿಗೆ ಹಬ್ಬ ಅಂತ ಹೆಸರಿಡಬೇಕಿಲ್ಲ. ಹಬ್ಬದ ಹಿಂದಿನ ವಾರ, ಯಾವುದೋ ಸಾದಾ ದಿನ ಮಾಡಿ. ಹುರಿದ ಶೇಂಗಾ, ಬೆಲ್ಲ, ಒಂದಿಷ್ಟು ಏಲಕ್ಕಿ, ಕುಟ್ಟಿ ಉಂಡಿ ಕಟ್ಟಿದರೆ ಮುಗಿಯಿತು, ಪಾಕ ಹಿಡಿಯುವ ಕೆಲಸವೂ ಇಲ್ಲ. ಪಂಚಮಿ ಅಂದರೆ ಹೆಣ್ಣುಮಕ್ಕಳು ತವರಿಗೆ ಹೋಗುವ ಹಬ್ಬ. ಆ ಉಂಡಿ ಡಬ್ಬಿ ಹಿಡಿದುಕೊಂಡು ಅಪ್ಪ ಮಗ ಇಬ್ಬರೂ ಆಕೆಯ ತವರಿಗೆ ಹೋಗಿ ಬನ್ನಿ. ಈ ವರ್ಷ ಆ ಮನೆಗೂ ಮಗಳು ಬರುವುದಿಲ್ಲ.

ಇನ್ನು ಒಲೆಯ ಮಾತು, ಇದರಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ದೊಡ್ಡವರು ಮನೆಯಲ್ಲಿ ಇಲ್ಲದಾಗ ಹತ್ತು ವರ್ಷದವನು ಗ್ಯಾಸ್ ಹಚ್ಚುವುದು ಬೇಡವೇ ಬೇಡ. ನೀವು ಪ್ರೆಸ್ಸಿನಿಂದ ಬಂದ ಮೇಲೆಯೇ ಒಲೆ. ಕಾದ ಎಣ್ಣೆ, ಕುಕ್ಕರು ಸದ್ಯಕ್ಕೆ ನಿಮ್ಮ ಪಾಲು. ಮೈಮೇಲೆ ಹತ್ತಿ ಬಟ್ಟೆ ಇರಲಿ. ಸುಟ್ಟರೆ ಟೂತ್‌ಪೇಸ್ಟ್ ಹಚ್ಚಬೇಡಿ, ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ.

ಒಂದನ್ನು ಮಾತ್ರ ಕಣ್ಣಿಟ್ಟು ನೋಡಿ. ಊಟ, ನಿದ್ದೆ ಬಿಟ್ಟ, ವಾರಗಟ್ಟಲೆ ಸಾಲಿಗೆ ಹೋಗಲು ಒಲ್ಲೆ ಅಂದ, ಆಟ ಬಿಟ್ಟ, ಇಲ್ಲವೇ ‘ನಾನೂ ಅವ್ವನ ಹಂತ್ಯಾಕ ಹೋಗ್ತೀನಿ’ ಅನ್ನತೊಡಗಿದ ಅಂದರೆ ‘ಹುಡುಗು ಮಾತು’ ಅಂತ ಬಿಡಬೇಡಿ. ಆರು ತಿಂಗಳು ಕಳೆದ ಮೇಲೂ ದಿನದ ಬದುಕು ಹಳಿಗೆ ಬರದಿದ್ದರೂ ಅಷ್ಟೇ, ತೋರಿಸಿ. ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್ ನಿಮಗೆ ದೂರವಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ 2022ರಿಂದ ಇದೆ, ನಂಬರ್ 14416, ಹಗಲು ರಾತ್ರಿ ಯಾವಾಗಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ನಿಮಗಾಗಿಯೂ ಮಾಡಬಹುದು, ಅದಕ್ಕೇ ಹೇಳಿದೆ.

ಪ್ರಶ್ನೆ: ಮೇಡಂ, ನನಗೆ 17, ಪಿಯುಸಿ ಎರಡನೇ ವರ್ಷ. ಅವ್ವ ಹೋಗಿ ಒಂದೂವರೆ ವರ್ಷ. ಅಂದಿನಿಂದ ಬೆಳಿಗ್ಗೆ ಐದಕ್ಕೆ ಎದ್ದು ಐದು ಮಂದಿಗೆ ರೊಟ್ಟಿ ಬಡಿಯುತ್ತೇನೆ. ಅಪ್ಪ, ಇಬ್ಬರು ಅಣ್ಣಂದಿರು, ಅಜ್ಜ. ಎಲ್ಲರೂ ‘ಅವ್ವನ ಕೈ ನಿನಗ ಬಂದೈತಿ, ಆಕಿ ಇಲ್ಲ ಅಂತ ಅನಸೂದೇ ಇಲ್ಲ’ ಅಂತಾರೆ. ಆ ಮಾತು ಕೇಳಿದರೆ ಹಂಚು ಎತ್ತಿ ಒಗೆಯಬೇಕು ಅನಿಸುತ್ತದೆ. ನಾನು ಕೆಟ್ಟವಳಾ?
(ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಅಲ್ಲ ಪುಟ್ಟಿ. ಮೇಲಿನ ಹುಡುಗನಿಗೆ ಅಡಿಗೆ ಮನೆ ಬಿಡಿಸಬೇಡಿ ಅಂದೆ, ನಿನ್ನ ಮನೆಯವರಿಗೆ ಬಿಡಿಸಿ ಅನ್ನುತ್ತೇನೆ. ಅವನು ನೆನಪಿಗೆ ಮಾಡುತ್ತಾನೆ, ಬೇಡ ಅನಿಸಿದ ದಿನ ಬಿಟ್ಟು ಆಡಲು ಹೋಗಬಹುದು. ನಿನಗೆ ಆ ‘ಬೇಡ’ ಇಲ್ಲ. ಅವ್ವ ಸತ್ತದ್ದಕ್ಕೆ ಅಳುವ ಮೊದಲೇ ಅವ್ವನ ಡ್ಯೂಟಿ ನಿನ್ನ ಕೈಗೆ ಬಂತು. ‘ಆಕಿ ಇಲ್ಲ ಅಂತ ಅನಸೂದೇ ಇಲ್ಲ’ ಅನ್ನುವವರಿಗೆ ಅನಿಸದೇ ಇರಬಹುದು, ಅವರಿಗೆ ಬಿಸಿ ರೊಟ್ಟಿ ಬರುತ್ತಿದೆ. ನಿನಗೆ ಅನಿಸುತ್ತದೆ.

ಅಪ್ಪನಿಗೆ ಇಷ್ಟು ಓದಿ ಹೇಳು, ಇಲ್ಲಾ ಈ ಪುಟ ಕತ್ತರಿಸಿ ಫ್ರಿಜ್ಜಿಗೆ ಅಂಟಿಸು. ಮನೆಯಲ್ಲಿ ದುಡಿಯುವ ಕೈ ಇರುವ ಗಂಡಸರು ಮೂವರಿದ್ದಾರೆ. ಅಜ್ಜನನ್ನು ಬಿಡೋಣ. ಹೊರಗೆ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳು ಈಗ ಪ್ರತಿ ಊರಿನಲ್ಲೂ ಇದ್ದಾರೆ, ಖಾನಾವಳಿಯಲ್ಲೂ ಕೊಡುತ್ತಾರೆ. ಖಡಕ್ ರೊಟ್ಟಿ ತಂದಿಟ್ಟರೆ ವಾರಗಟ್ಟಲೆ ಕೆಡುವುದಿಲ್ಲ. ಅನ್ನ, ಬ್ಯಾಳಿ ಕುಕ್ಕರಿನಲ್ಲಿ ಕೂಗಿಸಲು ಅಣ್ಣಂದಿರಿಗೆ ಒಂದು ವಾರ ಸಾಕು. ಬಿಸಿ ರೊಟ್ಟಿಯೇ ಬೇಕು ಅನ್ನುವವರು ಎಸರು ಇಟ್ಟು ಹಿಟ್ಟು ನಾದಲು ಕಲಿಯಲಿ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನ ಜಿಗಿ ಇಲ್ಲ, ಕುದಿಯುವ ನೀರು ಬಿದ್ದರೇ ಅದು ಹಿಡಿದುಕೊಳ್ಳುವುದು. ನಾಲ್ಕು ರೊಟ್ಟಿ ಹರಿದು ಎರಡು ಬೆರಳು ಚುರುಕ್ ಅಂದ ಮೇಲೆ ನಿನ್ನ ಕೈಗೆ ಅವ್ವನ ಕೈ ‘ಬಂದಿದ್ದು’ ಹೇಗೆ ಅಂತ ಅವರಿಗೇ ಗೊತ್ತಾಗುತ್ತದೆ.

ನಿನ್ನ ಪರೀಕ್ಷೆ ಮುಗಿಯುವ ತನಕ ಬೆಳಿಗ್ಗೆಯ ಹೊತ್ತು ನಿನ್ನದು. ಇದನ್ನು ಕೇಳಿ ಪಡೆಯಬೇಕಾಗುತ್ತದೆ, ಅವರಾಗಿ ಕೊಡುವುದಿಲ್ಲ. ಒಬ್ಬಳೇ ಹೇಳಲು ಆಗದಿದ್ದರೆ ಸೋದರಮಾವನನ್ನೋ ಚಿಗವ್ವನನ್ನೋ ಕರೆಸು. ಅವ್ವನ ಅಡಿಗೆಯಲ್ಲಿ ನಿನಗೆ ಇಷ್ಟವಾದದ್ದು ಏನಾದರೂ ಇದ್ದರೆ ಎಂದಾದರೂ ಮಾಡಿಕೊಂಡು ಒಬ್ಬಳೇ ತಿನ್ನು. ಯಾವುದೂ ಬೇಡ ಅನಿಸಿದರೆ ಯಾವುದನ್ನೂ ಮಾಡಬೇಡ. ಅವ್ವನನ್ನು ಪ್ರೀತಿಸುವುದಕ್ಕೆ ರೊಟ್ಟಿ ಬಡಿಯಲೇಬೇಕು ಅಂತ ಏನಿಲ್ಲ.

ಪ್ರಶ್ನೆ: ಧಾರವಾಡದಿಂದ ಬರೆಯುತ್ತಿದ್ದೇನೆ. ನಮ್ಮ ಅತ್ತೆಯವರು ತೀರಿ ಮೂರು ವಾರ. ಆರು ವರ್ಷದ ಮಗಳಿಗೆ ‘ಆಯಿ ಊರಿಗೆ ಹೋಗ್ಯಾಳ’ ಅಂದಿದ್ದೇವೆ. ಈಗ ದಿನಾ ‘ಆಯಿ ಬಂದ ಮ್ಯಾಲೆ ಮಾದಲಿ ಮಾಡ್ತಾಳ’ ಅಂತಾಳೆ. ನಾನು ಮಾಡಿದರೆ ಆಯಿಯ ನೆನಪು ಜಾಸ್ತಿ ಆಗುತ್ತದಾ?

ಉತ್ತರ: ಮಾದಲಿಯ ಚಿಂತೆ ಆಮೇಲೆ, ಮೊದಲು ಆ ಸುಳ್ಳನ್ನು ವಾಪಸ್ ತಗೊಳ್ಳಿ. ಆರು ವರ್ಷದ ಮಗು ಊರಿಗೆ ಹೋದವರು ಬಸ್ಸು ಹತ್ತಿ ಬರುತ್ತಾರೆ ಅಂತಲೇ ಕಾಯುತ್ತದೆ. ನಾಳೆ ನೀವು ಹುಬ್ಬಳ್ಳಿಗೆ ಹೊರಟರೂ ಹೆದರಿಕೊಳ್ಳುತ್ತದೆ. ‘ಮಲಗ್ಯಾಳ’ ಅಂತಲೂ ಹೇಳಬೇಡಿ, ರಾತ್ರಿ ನಿದ್ದೆ ಮಾಡಲು ಅಂಜುತ್ತವೆ. ತೊಡೆ ಮೇಲೆ ಕೂರಿಸಿಕೊಂಡು ಸರಳವಾಗಿ ಹೇಳಿ: ಆಯಿ ಸತ್ತುಹೋದಳು, ಅವಳ ಮೈ ಕೆಲಸ ಮಾಡುವುದನ್ನು ನಿಲ್ಲಿಸಿತು, ಅವಳಿಗೆ ಈಗ ನೋವಿಲ್ಲ, ತಿರುಗಿ ಬರುವುದಿಲ್ಲ, ಇದು ಯಾರ ತಪ್ಪೂ ಅಲ್ಲ. ಅವಳು ಅದನ್ನೇ ಹತ್ತು ಸಲ ಕೇಳುತ್ತಾಳೆ. ಹತ್ತು ಸಲವೂ ಅದನ್ನೇ ಹೇಳಿ.

ಆಮೇಲೆ ಮಾದಲಿ. ಗೋಧಿ ಹಿಟ್ಟನ್ನು ಗಟ್ಟಿ ಕಲಸಿ ದಪ್ಪ ಚಪಾತಿ ಮಾಡಿ, ಹಂಚಿನ ಮೇಲೆ ಚೆನ್ನಾಗಿ ಬೇಯಿಸಿ, ಆರಿಸಿ, ಮುರಿದು ತರಿತರಿ ಪುಡಿ ಮಾಡಿಕೊಳ್ಳಿ. ಕುಟ್ಟಿದ ಬೆಲ್ಲ, ಪುಟಾಣಿ, ಒಣ ಕೊಬ್ಬರಿ ತುರಿ, ಹುರಿದ ಗಸಗಸೆ, ಏಲಕ್ಕಿ. ನಿಮ್ಮ ಅತ್ತೆಯವರು ಬೇರೆ ಏನಾದರೂ ಹಾಕುತ್ತಿದ್ದರೆ ಯಜಮಾನರಿಗೋ ನಾದಿನಿಗೋ ನೆನಪಿರುತ್ತದೆ. ನೆನಪು ಜಾಸ್ತಿ ಆಗುತ್ತದಾ ಅಂದಿರಿ. ಆಗುತ್ತದೆ. ಆಗಲಿ. ಬೆಲ್ಲದ ಗಂಟು ಬೆರಳಿನಿಂದ ಒಡೆದು ಬೆರೆಸುವ ಕೆಲಸ ಮಗಳಿಗೆ ಕೊಡಿ. ಅರ್ಧ ಬೆಲ್ಲ ಬಾಯಿಗೆ ಹೋಗುತ್ತದೆ, ಅದಕ್ಕೇ ಒಂದು ಹಿಡಿ ಜಾಸ್ತಿ ಕುಟ್ಟಿಟ್ಟುಕೊಳ್ಳಿ. ಬಿಸಿ ಹಾಲು, ತುಪ್ಪ ಮೇಲೆ ಹಾಕುವಾಗ ಆಯಿ ಯಾವ ವಾಟಗದಲ್ಲಿ ಕೊಡುತ್ತಿದ್ದಳು ಅಂತ ಅವಳನ್ನೇ ಕೇಳಿ, ಅದರಲ್ಲೇ ಕೊಡಿ.